ಗುಹೆಯಿಂದ ಹೊರಬರುವಾಗ ಶೂ ಒರೆಸಿಸಿದರು: ಬಾವಲಿಗಳ ಬಿಳಿಮೂಗು ರೋಗದ ಬಗ್ಗೆ ತಿಳಿದವರು ಹೇಳುತ್ತೀರಾ?

ಸಂಪಿಗೆಮರ:

ನಮಸ್ಕಾರ. ನಾವು ಇರುವುದು ಅಮೆರಿಕದ ಸಿನ್ಸಿನಾಟಿಯಲ್ಲಿ. ಅಕ್ಟೋಬರ್ ಕೊನೆಯಲ್ಲಿ ಮಕ್ಕಳಿಗೆ ಎರಡು ದಿನ ರಜೆ ಸಿಕ್ಕಿತೆಂದು ಕೆಂಟಕಿಯ ಮ್ಯಾಮತ್ ಗುಹೆಗೆ ಹೋಗಿದ್ದೆವು. ಜಗತ್ತಿನಲ್ಲಿ ಈವರೆಗೆ ಗೊತ್ತಿರುವ ಗುಹೆಗಳಲ್ಲೆಲ್ಲ ಅತಿ ಉದ್ದದ್ದು ಅದು. ಒಳಗೆ ಇಳಿಯುವ ಮೊದಲು ರೇಂಜರ್ ನಮ್ಮ ಗುಂಪನ್ನು ನಿಲ್ಲಿಸಿ, ಇದೇ ಶೂ ಹಾಕಿಕೊಂಡು ಬೇರೆ ಯಾವುದಾದರೂ ಗುಹೆಗೆ ಹೋಗಿದ್ದೀರಾ ಎಂದು ಕೇಳಿದರು. ಹೊರಗೆ ಬಂದ ಮೇಲೆ ಸಾಬೂನು ನೀರಿನಂಥ ದ್ರಾವಣದಲ್ಲಿ ನೆನೆದ ಉದ್ದನೆಯ ಚಾಪೆಗಳ ಮೇಲೆ ಒಬ್ಬೊಬ್ಬರನ್ನಾಗಿ ನಡೆಸಿದರು. ಬಾವಲಿಗಳಿಗೆ ಬಿಳಿಮೂಗು ರೋಗ ಎಂಬ ಶಿಲೀಂಧ್ರದ ಕಾಯಿಲೆ ಬಂದಿದೆ, ಅದಕ್ಕಾಗಿ ಈ ಎಚ್ಚರಿಕೆ ಎಂದರು. ಹಿಂದಿನಿಂದ ಇನ್ನೊಂದು ಗುಂಪು ಬರುತ್ತಿತ್ತು, ಹೆಚ್ಚು ಕೇಳಲು ಸಮಯವಾಗಲಿಲ್ಲ.

ಅಲ್ಲಿ ಹಾಕಿದ್ದ ಫಲಕದಲ್ಲಿ ಮೂಗಿನ ಸುತ್ತ ಬಿಳಿ ಬೂಷ್ಟು ಹಿಡಿದ ಪುಟ್ಟ ಬಾವಲಿಯ ಚಿತ್ರವಿತ್ತು. ಒಂಬತ್ತು ವರ್ಷದ ಮಗಳು ಕಾರಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಕೇಳಿದಳು. ನಿದ್ದೆ ಮಾಡುವಾಗ ಬೂಷ್ಟು ಬಂದರೆ ಅದಕ್ಕೆ ಗೊತ್ತಾಗುವುದಿಲ್ಲವೇ, ಎದ್ದು ಒರೆಸಿಕೊಳ್ಳಬಾರದೇ ಎಂದು. ನನ್ನ ಬಳಿ ಉತ್ತರವಿರಲಿಲ್ಲ.

ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇವೆ. ದಾಂಡೇಲಿಯ ಹತ್ತಿರ ಕವಳಾ ಗುಹೆ, ಆಮೇಲೆ ಯಾಣ ನೋಡುವ ಯೋಚನೆಯಿದೆ. ಅದೇ ಶೂಗಳನ್ನು ಹಾಕಿಕೊಂಡು ಬರಬಹುದೇ? ತೊಳೆದರೆ ಸಾಕೇ, ಎಸೆಯಬೇಕೇ? ಮಕ್ಕಳಿಗೆ ಈ ರೋಗ ತಗಲುತ್ತದೆಯೇ? ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಮನಸ್ಸಿನಿಂದ ಹೋಗುತ್ತಿಲ್ಲ.

ಕಡಲತೀರ:

ತಾಯಿ, ಬಾವಲಿಗಳ ಸಹವಾಸವೇ ಬೇಡ. ನಾನು ಮಂಗಳೂರಿನವಳು. 2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ ಬಂದಾಗ ನಮ್ಮ ಮನೆಯಲ್ಲಿ ಎರಡು ತಿಂಗಳು ಪೇರಳೆ ಹಣ್ಣು ತಿಂದವರಿಲ್ಲ. ಮಕ್ಕಳನ್ನು ಕರೆದುಕೊಂಡು ಗುಹೆಗಳಿಗೆ ಯಾಕೆ ಹೋಗಬೇಕು? ಶೂ ಎಸೆದುಬಿಡಿ. ಆ ಪ್ರಾಣಿಗಳಿಗೆ ರೋಗ ಬಂದು ಕಡಿಮೆಯಾದರೆ ಮನುಷ್ಯನಿಗೆ ಒಳ್ಳೆಯದೇ ಎಂದು ನನ್ನ ಅನಿಸಿಕೆ. ಕಠಿಣವಾಗಿ ಕೇಳಿಸಿದರೆ ಕ್ಷಮಿಸಿ, ಮೊಮ್ಮಕ್ಕಳಿರುವವಳು ನಾನು.

ಆಲ್ಬನಿಯ ಮಲೆನಾಡಿಗ:

ಸಂಪಿಗೆಮರ ಅವರೇ, ಇದು ಚಿಕ್ಕ ವಿಷಯವಲ್ಲ. ಶೂ ಬಗ್ಗೆ ಕೇಳಿದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವನು. 2003ರಿಂದ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಹತ್ತಿರ ಇದ್ದೇನೆ. ಕೆಲಸ ಸೇತುವೆಗಳ ನಕ್ಷೆ ಹಾಕುವುದು. ಬಾವಲಿಗಳ ವಿಷಯದಲ್ಲಿ ಓದಿಕೊಂಡವನೇನಲ್ಲ. ಆದರೆ ಉತ್ತರ ಅಮೆರಿಕದಲ್ಲಿ ಈ ರೋಗ ಮೊದಲು ಕಣ್ಣಿಗೆ ಬಿದ್ದ ಜಾಗ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. 2006ರ ಫೆಬ್ರುವರಿಯಲ್ಲಿ ಸ್ಕೊಹ್ಯಾರಿ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದಂತೆ) ಹೌ ಗುಹೆಗೆ ಇಳಿದಿದ್ದ ಒಬ್ಬ ಗುಹಾಸಂಚಾರಿ, ಗೋಡೆಗೆ ತೂಗಿಕೊಂಡಿದ್ದ ಬಾವಲಿಗಳ ಮೂತಿಯ ಮೇಲೆ ಬಿಳಿಯದೇನೋ ಕಂಡು ಫೋಟೊ ತೆಗೆದರು. ಆಗ ಅದರ ಅರ್ಥ ಯಾರಿಗೂ ಹೊಳೆಯಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ರಾಜ್ಯದ ಜೀವಶಾಸ್ತ್ರಜ್ಞರು ಎಂದಿನಂತೆ ಬಾವಲಿಗಳನ್ನು ಎಣಿಸಲು ಆಲ್ಬನಿ ಸುತ್ತಲಿನ ಗುಹೆಗಳಿಗೆ ಹೋದರೆ ನೆಲದ ಮೇಲೆ ಹೆಣಗಳು.

ನಾವು ಆಗ ಬಾಡಿಗೆಗಿದ್ದ ಮನೆಯ ಹಿಂದೆ ಒಂದು ಕೊಳವಿತ್ತು. 2005ರ ಬೇಸಿಗೆಯಲ್ಲಿ ಅಪ್ಪ ಬಂದು ಮೂರು ತಿಂಗಳು ನಮ್ಮೊಂದಿಗಿದ್ದರು. ಇಂಗ್ಲಿಷ್ ಬಾರದು, ಟಿವಿ ಹಿಡಿಸದು. ಸಂಜೆಯಾದರೆ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಕೊಳದ ಮೇಲೆ ಬರುವ ಬಾವಲಿಗಳನ್ನು ಎಣಿಸುತ್ತಿದ್ದರು. ನೀರಿನ ಮೇಲೆ ಗೇಣೆತ್ತರದಲ್ಲಿ ಹಾರಿಬಂದು, ಹೊಟ್ಟೆ ತಗಲಿತೋ ಇಲ್ಲವೋ ಅನ್ನುವಷ್ಟರಲ್ಲಿ ಮೇಲೇಳುತ್ತಿದ್ದವು. "ಇದು ನಮ್ಮ ಕಣ್ಕಪ್ಪಡಿಯೇ ಕಣೋ, ಇಲ್ಲಿಗೂ ಬಂದಿದೆ" ಎಂದಿದ್ದರು. ಒಂದು ದಿನ ಅರವತ್ತರವರೆಗೆ ಎಣಿಸಿ ಕೈಬಿಟ್ಟರು. ಅದು ಇಲ್ಲಿಯ ಪುಟ್ಟ ಕಂದು ಬಾವಲಿ. ನಮ್ಮಲ್ಲಿ ಹಿಂದೆ ಚಲಾವಣೆಯಲ್ಲಿದ್ದ ದಪ್ಪ ಐದು ರೂಪಾಯಿ ನಾಣ್ಯದಷ್ಟು ತೂಕ, ಒಂಬತ್ತು ಗ್ರಾಂ ಆಸುಪಾಸು. ಅಷ್ಟು ಚಿಕ್ಕ ಜೀವ ಮೂವತ್ತು ವರ್ಷ ದಾಟಿ ಬದುಕಿದ ದಾಖಲೆಯಿದೆ. ವರ್ಷಕ್ಕೆ ಹೆರುವುದು ಒಂದೇ ಮರಿ. ಈ ಒಂದೇ ಮರಿಯ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಅದೇ ಮುಖ್ಯವಾಗುತ್ತದೆ.

2008ರ ಮಾರ್ಚ್ ಮೊದಲ ವಾರ. ಮೊಣಕಾಲು ಮುಳುಗುವ ಹಿಮ. ಮಧ್ಯಾಹ್ನ ಒಂದೂವರೆಗೆ ಒಲೆಗೆ ಸೌದೆ ತರಲು ಹೋದೆ. ಬಿಸಿಲಿನಲ್ಲಿ ಒಂದು ಬಾವಲಿ ಹಿಮದ ಮೇಲೆ ಹಾರುತ್ತಿತ್ತು. ಹಾರಾಟವೂ ಅಲ್ಲ, ಗಾಳಿಗೆ ಸಿಕ್ಕ ಒಣ ಎಲೆಯ ಹಾಗೆ ಬಿದ್ದು ಎದ್ದು ಬಂದು ಸೌದೆಯ ತೊಗಟೆಗೆ ಅಂಟಿಕೊಂಡಿತು. ಬಾಗಿ ನೋಡಿದೆ. ಅಕ್ಕಿಹಿಟ್ಟಿನ ಡಬ್ಬಿಯಲ್ಲಿ ಮೂತಿ ಅದ್ದಿ ತೆಗೆದಂತೆ ಮೂಗಿನ ಸುತ್ತ ಬಿಳುಪು. ಕಿವಿಯ ಅಂಚಿನಲ್ಲೂ ಬಿಳುಪು. ಮಡಿಸಿದ ರೆಕ್ಕೆ, ತುಂಬ ದಿನ ಪೆಟ್ಟಿಗೆಯಲ್ಲಿದ್ದ ಕೊಡೆಯ ಬಟ್ಟೆಯಂತೆ ಸುಕ್ಕುಗಟ್ಟಿ, ಅಲ್ಲಲ್ಲಿ ಚುಕ್ಕೆ ಬಿದ್ದಿತ್ತು. ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು. ಬಾಯಿ ತೆರೆದು ಹಿಮವನ್ನು ನೆಕ್ಕಿತು. ಅದನ್ನು ನಾನು ಮರೆತಿಲ್ಲ. ದಪ್ಪ ಕೈಗವಸು ಹಾಕಿ ಶೂ ಪೆಟ್ಟಿಗೆಯಲ್ಲಿ ಇಟ್ಟು ವನ್ಯಜೀವಿ ಇಲಾಖೆಗೆ ಫೋನ್ ಮಾಡಿದೆ. ಅವರು ಬರುವಷ್ಟರಲ್ಲಿ ಅದರ ಉಸಿರು ನಿಂತಿತ್ತು. ಆ ವಾರ ಅಂಥ ಹತ್ತಾರು ಕರೆಗಳು ಬಂದಿವೆ ಎಂದರು.

ನಿಮ್ಮ ಮಗಳ ಪ್ರಶ್ನೆಗೆ ಬರುತ್ತೇನೆ. ಬಹಳ ಸರಿಯಾದ ಪ್ರಶ್ನೆ. ಅದಕ್ಕೆ ಗೊತ್ತಾಗುತ್ತದೆ, ಎದ್ದು ಒರೆಸಿಕೊಳ್ಳುತ್ತದೆ ಕೂಡ. ಸಾಯುವುದೂ ಹಾಗೆ ಎಚ್ಚರಗೊಂಡೇ.

ಚಳಿಗಾಲದಲ್ಲಿ ಇಲ್ಲಿ ಹುಳ ಹುಪ್ಪಟೆ ಒಂದೂ ಇರುವುದಿಲ್ಲ. ಹಾಗಾಗಿ ಈ ಬಾವಲಿಗಳು ಶರತ್ಕಾಲದಲ್ಲಿ ಮೈಗೆ ಒಂದೆರಡು ಗ್ರಾಂ ಕೊಬ್ಬು ಕಟ್ಟಿಕೊಂಡು ಗುಹೆ ಸೇರಿ ಆರು ತಿಂಗಳು ನಿದ್ದೆ ಹೋಗುತ್ತವೆ. ನಾವು ಮಲಗುವ ನಿದ್ದೆ ಅಲ್ಲ. ಮೈಯ ಬಿಸಿ ಇಳಿದು ಗುಹೆಯ ಗಾಳಿಯಷ್ಟೇ ತಣ್ಣಗಾಗುತ್ತದೆ, ಹೃದಯ ಆಗೊಮ್ಮೆ ಈಗೊಮ್ಮೆ ಬಡಿಯುತ್ತದೆ, ರೋಗದೊಡನೆ ಹೋರಾಡುವ ಶಕ್ತಿಯೂ ಬಹುತೇಕ ಮಲಗಿಬಿಡುತ್ತದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಆಷಾಢದಲ್ಲಿ ಏನಾಗುತ್ತದೆ ನೆನಪಿಸಿಕೊಳ್ಳಿ. ದಿನವೂ ಮೆಟ್ಟುವ ಚಪ್ಪಲಿಗೆ ಬೂಷ್ಟು ಬರುವುದಿಲ್ಲ, ಮೂಲೆಯಲ್ಲಿ ಇಟ್ಟು ಮರೆತ ಚಪ್ಪಲಿಗೆ ಬರುತ್ತದೆ. ನಿದ್ದೆಯಲ್ಲಿರುವ ಬಾವಲಿ ಈ ಶಿಲೀಂಧ್ರಕ್ಕೆ ಮೂಲೆಯ ಚಪ್ಪಲಿಯಿದ್ದಂತೆ.

ಇದರ ಹೆಸರು ಸ್ಯೂಡೊಜಿಮ್ನೊಆಸ್ಕಸ್ ಡಿಸ್ಟ್ರಕ್ಟನ್ಸ್. ನಾಲಿಗೆ ತಿರುಗದ ಹೆಸರಾದರೂ ಕೊನೆಯ ಪದದ ಅರ್ಥ ನಾಶಕ ಎಂದೇ. ತಣ್ಣಗಿದ್ದರಷ್ಟೇ ಬೆಳೆಯುತ್ತದೆ, ಹದಿಮೂರರಿಂದ ಹದಿನಾರು ಡಿಗ್ರಿ ಅದಕ್ಕೆ ಹೇಳಿ ಮಾಡಿಸಿದ ಹವೆ, ಇಪ್ಪತ್ತು ದಾಟಿದರೆ ಬೆಳವಣಿಗೆ ನಿಂತುಹೋಗುತ್ತದೆ. ಮ್ಯಾಮತ್ ಗುಹೆಯೊಳಗೆ ನಿಮಗೆ ಚಳಿ ಹಿಡಿದಿರಬೇಕಲ್ಲ? ಅಲ್ಲಿ ವರ್ಷವಿಡೀ ಸುಮಾರು ಹನ್ನೆರಡು ಡಿಗ್ರಿ. ರೋಗ 2013ರಲ್ಲೇ ಅಲ್ಲಿ ಪತ್ತೆಯಾಯಿತು. ನಮ್ಮ ಮೈ ಮೂವತ್ತೇಳು ಡಿಗ್ರಿ ಇರುವುದರಿಂದ ಮನುಷ್ಯರಿಗೆ ಇದು ತಗಲುವುದಿಲ್ಲ. ಮಕ್ಕಳ ಬಗ್ಗೆ ಆ ಚಿಂತೆಯನ್ನು ಬಿಟ್ಟುಬಿಡಿ.

ಶಿಲೀಂಧ್ರ ಬಿಳಿಯಾಗಿ ಕಾಣುವುದು ಮೂಗಿನ ಮೇಲೆ, ಕೆಲಸ ಕೆಡಿಸುವುದು ರೆಕ್ಕೆಯ ತೊಗಲಿನಲ್ಲಿ. ಆ ತೆಳು ತೊಗಲನ್ನು ತಿನ್ನುತ್ತ ಒಳಗಿಳಿದಂತೆ ಮೈಯ ನೀರು, ಲವಣ ಆರಿಹೋಗುತ್ತವೆ. ಆರೋಗ್ಯವಾಗಿರುವ ಬಾವಲಿ ಚಳಿಗಾಲದಲ್ಲಿ ಸುಮಾರು ಹದಿನಾರು ದಿನಕ್ಕೊಮ್ಮೆ ಎಚ್ಚರಗೊಂಡು ಮತ್ತೆ ಮಲಗುತ್ತದೆ. ರೋಗ ತಗಲಿದ್ದು ಎಂಟೇ ದಿನಕ್ಕೆ ಏಳುತ್ತದೆ ಎಂದು ಗುಹೆಗಳಲ್ಲಿ ಅಳತೆ ಮಾಡಿ ಕಂಡುಕೊಂಡಿದ್ದಾರೆ. ಒಂದು ಸಲ ಎದ್ದರೆ ತಣ್ಣಗಿನ ಮೈಯನ್ನು ಬಿಸಿ ಮಾಡಿಕೊಳ್ಳಬೇಕು. ಆ ಒಲೆಗೆ ಸೌದೆ ಎಂದರೆ ಕಟ್ಟಿಟ್ಟುಕೊಂಡ ಕೊಬ್ಬು. ಏಪ್ರಿಲ್‌ವರೆಗೆ ಬರಬೇಕಾದದ್ದು ಫೆಬ್ರುವರಿಗೇ ತೀರುತ್ತದೆ. ಆಮೇಲೆ ಹಸಿವು ತಡೆಯಲಾರದೆ, ಬಾಯಾರಿಕೆ ತಡೆಯಲಾರದೆ ಹಗಲಲ್ಲೇ ಹೊರಗೆ ಹಾರಿಬರುತ್ತದೆ. ಹೊರಗೆ ಹಿಮ ಬಿಟ್ಟರೆ ಇನ್ನೇನೂ ಇಲ್ಲ. ನನ್ನ ಸೌದೆ ರಾಶಿಗೆ ಬಂದದ್ದು ಅಂಥದ್ದು. ಮಗಳಿಗೆ ಇಷ್ಟು ಹೇಳಿದರೆ ಅರ್ಥವಾಗುತ್ತದೆ ಅನ್ನಿಸುತ್ತದೆ. ಮಲಗುವ ಮುನ್ನ ಹೇಳಬೇಡಿ.

2012ರ ಹೊತ್ತಿಗೆ ಐವತ್ತೇಳು ಲಕ್ಷದಿಂದ ಅರವತ್ತೇಳು ಲಕ್ಷ ಬಾವಲಿಗಳು ಸತ್ತಿರಬೇಕೆಂದು ಇಲ್ಲಿಯ ಸರ್ಕಾರದ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿತು. ಪುಟ್ಟ ಕಂದು ಬಾವಲಿ, ಉತ್ತರದ ಉದ್ದಕಿವಿ ಬಾವಲಿ, ತ್ರಿವರ್ಣ ಬಾವಲಿ ಈ ಮೂರರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹತ್ತು ವರ್ಷದೊಳಗೆ ಹೋದವು. ವರ್ಮಾಂಟ್ ರಾಜ್ಯದ ಈಯೊಲಸ್ ಗುಹೆ ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಪ್ರದೇಶದ ಬಾವಲಿಗಳ ದೊಡ್ಡ ಚಳಿಗಾಲದ ಮನೆಯಾಗಿತ್ತು. ಅಲ್ಲಿ ನೆಲವೇ ಹೆಣಗಳಿಂದ ಮುಚ್ಚಿತ್ತು. 2009ರಿಂದ ನಮ್ಮ ರಾಜ್ಯದಲ್ಲಿ ಬೇಸಿಗೆ ರಾತ್ರಿಗಳ ಧ್ವನಿ ಸಮೀಕ್ಷೆಗೆ ಸ್ವಯಂಸೇವಕರು ಬೇಕಾದರು, ನಾನೂ ಸೇರಿಕೊಂಡೆ. ಕಾರಿನ ಚಾವಣಿಗೆ ಮೈಕ್ ಕಟ್ಟಿ, ಸೂರ್ಯ ಮುಳುಗಿದ ಅರ್ಧ ಗಂಟೆಯ ಮೇಲೆ ಗಂಟೆಗೆ ಮೂವತ್ತೆರಡು ಕಿಲೋಮೀಟರ್ ವೇಗದಲ್ಲಿ ಗೊತ್ತುಪಡಿಸಿದ ದಾರಿಯಲ್ಲಿ ಹೋಗಬೇಕು. ನಮ್ಮ ಕಿವಿಗೆ ಕೇಳದ ಅವುಗಳ ಕೂಗನ್ನು ಯಂತ್ರ ಟಕಟಕ ಎಂದು ಕೇಳಿಸುತ್ತದೆ. ಆ ಮೊದಲ ವರ್ಷ, ಕೆರೆ ಪಕ್ಕದ ಎರಡು ಕಿಲೋಮೀಟರ್ ದಾರಿಯಲ್ಲಿ ಯಂತ್ರ ಕೆಟ್ಟಿದೆ ಎಂದುಕೊಂಡು ಮೂರು ಸಲ ಕಾರು ನಿಲ್ಲಿಸಿ ತಂತಿ ಪರೀಕ್ಷಿಸಿದೆ. ಯಂತ್ರ ಸರಿಯಾಗಿಯೇ ಇತ್ತು.

ಈಗ ಶೂ. ಇದೇ ಶಿಲೀಂಧ್ರ ಯುರೋಪಿನಲ್ಲೂ ಚೀನಾದಲ್ಲೂ ಇದೆ, ಆದರೆ ಅಲ್ಲಿಯ ಬಾವಲಿಗಳು ರಾಶಿ ರಾಶಿಯಾಗಿ ಸಾಯುವುದಿಲ್ಲ. 1918ರಲ್ಲಿ ಫ್ರಾನ್ಸಿನಲ್ಲಿ ಹಿಡಿದು ಸಂಗ್ರಹಾಲಯದಲ್ಲಿಟ್ಟಿದ್ದ ಒಂದು ಬಾವಲಿಯ ಮೇಲೂ ಇದರ ಡಿಎನ್‌ಎ ಸಿಕ್ಕಿತು. ಅಲ್ಲಿ ಎರಡೂ ಸಾವಿರಾರು ವರ್ಷ ಜೊತೆಗೇ ಬದುಕಿ ಹೊಂದಿಕೊಂಡಿವೆ. ಇಲ್ಲಿಯವಕ್ಕೆ ಅದು ಹೊಸ ಶತ್ರು. ಅಮೆರಿಕದ ಉದ್ದಗಲದಲ್ಲಿ ಸಿಕ್ಕಿರುವುದು ಒಂದೇ ತಳಿಯ ಪ್ರತಿಗಳಾದ್ದರಿಂದ ಎಲ್ಲಿಂದಲೋ ಒಂದು ಸಲ ಬಂದದ್ದು ಹಬ್ಬಿತು ಎಂದು ತಿಳಿಯುತ್ತದೆ. ಬಾವಲಿ ಅಟ್ಲಾಂಟಿಕ್ ದಾಟಿ ತಂದಿರಲಾರದು. ಯಾರದೋ ಬೂಟಿಗೆ, ಹಗ್ಗಕ್ಕೆ, ಚೀಲಕ್ಕೆ ಅಂಟಿದ ಕೆಸರಿನಲ್ಲಿ ಬಂದಿರಬೇಕೆಂಬುದೇ ಬಲವಾದ ಊಹೆ. ಆ ಮನುಷ್ಯ ಕೆಟ್ಟವನಿರಲಾರ. ಗುಹೆಗಳನ್ನು ಪ್ರೀತಿಸುವವನೇ ಆಗಿದ್ದಿರಬೇಕು, ಇಲ್ಲದಿದ್ದರೆ ಎರಡು ಖಂಡಗಳ ಗುಹೆಗಳಿಗೆ ಯಾಕೆ ಇಳಿಯುತ್ತಿದ್ದ? 2016ರಲ್ಲಿ ದೇಶದ ಇನ್ನೊಂದು ತುದಿಯಲ್ಲಿ, ಸಿಯಾಟಲ್ ಹತ್ತಿರ ಚಾರಣಕ್ಕೆ ಹೋದವರಿಗೆ ಕಾಯಿಲೆ ಬಿದ್ದ ಬಾವಲಿಯೊಂದು ಸಿಕ್ಕಿತು. ಅಲ್ಲಿಯವರೆಗೆ ರೋಗ ಕಂಡಿದ್ದ ಅತಿ ಹತ್ತಿರದ ಜಾಗದಿಂದ ಅದು ಎರಡು ಸಾವಿರ ಕಿಲೋಮೀಟರಿಗೂ ದೂರ.

ಇದರ ಬೀಜಕಣಗಳು ಬಾವಲಿಯೇ ಇಲ್ಲದ ಗುಹೆಯ ಮಣ್ಣಿನಲ್ಲೂ ವರ್ಷಗಟ್ಟಲೆ ಬದುಕಿರುತ್ತವೆ. ಚಾಪೆಯ ಮೇಲೆ ನಡೆದರೆ ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. ಮೊದಲು ಬ್ರಷ್‌ನಿಂದ ಅಡಿಯ ಗೀರುಗಳಲ್ಲಿರುವ ಕೆಸರನ್ನೆಲ್ಲ ಉಜ್ಜಿ ತೆಗೆಯಿರಿ. ಆಮೇಲೆ 55 ಡಿಗ್ರಿಗಿಂತ ಬಿಸಿಯಾದ ನೀರಿನಲ್ಲಿ ಇಪ್ಪತ್ತು ನಿಮಿಷ ಪೂರ್ತಿ ಮುಳುಗಿಸಿಡಿ. ಗುಹೆಗೆ ಇಳಿಯುವವರಿಗೆ ಇಲ್ಲಿಯ ಅಧಿಕೃತ ಸೂಚನೆ ಇದೇ. ಅಡುಗೆಮನೆಯ ಥರ್ಮಾಮೀಟರ್ ಇಟ್ಟು ನೋಡಿಕೊಳ್ಳಿ, ಸ್ನಾನದ ಬಿಸಿನೀರು ಸಾಲದು. ಅದಾದ ಮೇಲೂ ರೋಗವಿರುವ ಕಡೆ ಬಳಸಿದ್ದನ್ನು ರೋಗವಿಲ್ಲದ ಕಡೆಯ ಗುಹೆಗೆ ಒಯ್ಯಬಾರದು. ಎಸೆಯಬೇಕಾಗಿಲ್ಲ. ಇಲ್ಲೇ ಹಾಕಿಕೊಂಡು ಓಡಾಡಿ, ಗುಹೆಗೆ ಮಾತ್ರ ಬೇಡ. ಊರಿಗೆ ಬೇರೆ ಜೋಡು ತನ್ನಿ. ಕ್ಯಾಮೆರಾ ಚೀಲವನ್ನು ಗುಹೆಯ ನೆಲದ ಮೇಲೆ ಇಟ್ಟಿದ್ದರೆ ಅದನ್ನೂ ನೆನಪಿಡಿ, ಎಲ್ಲರೂ ಶೂ ತೊಳೆದು ಚೀಲ ಮರೆಯುತ್ತಾರೆ.

ಖಾನಾಪುರದ ಮೇಷ್ಟ್ರು:

ಮೇಲಿನವರು ಹೇಳಿದ್ದಕ್ಕೆ ನಮ್ಮ ಕಡೆಯ ಎರಡು ಮಾತು ಸೇರಿಸುತ್ತೇನೆ. ಕರ್ನಾಟಕದ ಗುಹೆಗಳಲ್ಲಿ ಆ ಶಿಲೀಂಧ್ರ ಬೆಳೆಯುವಷ್ಟು ತಂಪಿಲ್ಲ. ನಾನು ಏಪ್ರಿಲ್‌ನಲ್ಲಿ ಕವಳಾ ಗುಹೆಯೊಳಗೆ ತೆವಳಿ ಹೋದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಮ್ಮ ಬಾವಲಿಗಳು ಆರು ತಿಂಗಳು ಮಲಗುವವೂ ಅಲ್ಲ. ಅಷ್ಟರ ಮಟ್ಟಿಗೆ ನಿಶ್ಚಿಂತೆ. ಆದರೂ ಆ ಶೂ ತರಬೇಡಿ ಎಂದೇ ನನ್ನ ಮಾತು. ನಿಮ್ಮ ಪ್ರವಾಸ ದಾಂಡೇಲಿಗೇ ಮುಗಿಯುವುದಿಲ್ಲ. ಮುಂದೊಂದು ಬೇಸಿಗೆಯಲ್ಲಿ ಅದೇ ಶೂ ಹಾಕಿಕೊಂಡು ಹಿಮಾಲಯದ ಕಡೆಗೆ ಹೊರಟರೆ? ಅಲ್ಲಿ ತಂಪೂ ಇದೆ, ಚಳಿಗಾಲದಲ್ಲಿ ನಿದ್ದೆ ಹೋಗುವ ಬಾವಲಿಗಳೂ ಇವೆ.

ನಮ್ಮ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಬಾರಾಪೇಡೆ ಗುಹೆಗಳಿವೆ. ರಾಟನ್ನನ ಬಾವಲಿ ಎಂಬ ದೊಡ್ಡ ಕಿವಿಯ ಅಪರೂಪದ ಬಾವಲಿಯನ್ನು 1913ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯಿಸಿದ್ದು ಅಲ್ಲಿಂದಲೇ. ಬಹಳ ಕಾಲ ಪ್ರಪಂಚದಲ್ಲಿ ಅದೊಂದೇ ನೆಲೆ ಎಂದುಕೊಂಡಿದ್ದರು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಕೋಲಾರದ ಹನುಮನಹಳ್ಳಿಯ ಕಥೆ ಇನ್ನೂ ಸೂಕ್ಷ್ಮ. ಕೋಲಾರದ ಎಲೆಮೂಗಿನ ಬಾವಲಿ ಇಂದು ಬದುಕಿರುವುದು ಅಲ್ಲಿಯ ಒಂದೇ ಒಂದು ಗುಹೆಯಲ್ಲಿ, ಇನ್ನೂರಕ್ಕೂ ಕಡಿಮೆ ಸಂಖ್ಯೆಯಲ್ಲಿ. ಅದಕ್ಕೆ ಕುತ್ತಾದದ್ದು ಶಿಲೀಂಧ್ರವಲ್ಲ, ಸುತ್ತಲಿನ ಕಲ್ಲುಗಣಿ. ಇನ್ನೂರು ಜೀವ ಒಂದೇ ಸೂರಿನಡಿ ಇದ್ದಾಗ ರೋಗವಾದರೇನು, ಡೈನಮೈಟ್ ಆದರೇನು, ಒಂದು ಸಲ ಸಾಕು.

1972ರ ವನ್ಯಜೀವಿ ಕಾನೂನಿನಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಗೆ ಸೇರಿಸಿದ್ದರು. ಆ ಪಟ್ಟಿಯನ್ನು ತೆಗೆದುಹಾಕಿದ್ದು 2022ರ ತಿದ್ದುಪಡಿಯಲ್ಲಿ. ಐವತ್ತು ವರ್ಷ ನಾವು ಮಕ್ಕಳಿಗೆ ಕಲಿಸಿದ್ದೂ ಅದನ್ನೇ. ಅದಕ್ಕೇ ಕಡಲತೀರ ಅವರ ಮಾತಿನಿಂದ ನನಗೆ ಬೇಸರವಾಗಲಿಲ್ಲ.

ಕವಳಾ ಗುಹೆಗೆ ಅರಣ್ಯ ಇಲಾಖೆಯ ಅನುಮತಿ ಕೇಳಿಕೊಂಡು ಹೋಗಿ. ಒಳಗೆ ಮಕ್ಕಳು ಕಿರುಚದಂತೆ, ಟಾರ್ಚನ್ನು ನೇರ ಬಾವಲಿಗಳ ಮೇಲೆ ಬಿಡದಂತೆ ನೋಡಿಕೊಳ್ಳಿ.

ಆಲ್ಬನಿಯ ಮಲೆನಾಡಿಗ:

ಮೇಷ್ಟ್ರೇ, ಹನುಮನಹಳ್ಳಿಯ ವಿಷಯ ಬರೆದಿದ್ದು ಒಳ್ಳೆಯದಾಯಿತು.

ಕಡಲತೀರ ಅಮ್ಮ, ನಿಮ್ಮ ಭಯ ಸುಳ್ಳಲ್ಲ. ನಿಪಾ ವೈರಾಣು ನಮ್ಮ ದೇಶದ ಹಣ್ಣುಬಾವಲಿಗಳಲ್ಲಿ ಇದೆ. ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು, ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಇಲ್ಲಿಯ ಬಾವಲಿಗಳಲ್ಲಿ ರೇಬಿಸ್ ಇರುತ್ತದೆ, ಅದಕ್ಕೇ ನಾನು ಅಂದು ಕೈಗವಸು ಹುಡುಕಿದ್ದು. ಚಿಕ್ಕಂದಿನಲ್ಲಿ ನಮ್ಮ ತೋಟದಲ್ಲಿ ಬಾವಲಿ ಸಿಪ್ಪೆ ಚೀಪಿ ಉದುರಿಸಿದ ಅಡಿಕೆಯನ್ನು ಬೆಳಗ್ಗೆ ಎದ್ದು ಬರಿಗೈಯಲ್ಲೇ ಹೆಕ್ಕುತ್ತಿದ್ದೆವು. ಈಗ ತಮ್ಮನಿಗೆ ಫೋನ್ ಮಾಡಿದಾಗಲೆಲ್ಲ ಕೈಗವಸು ಹಾಕಿಕೋ ಎನ್ನುತ್ತೇನೆ.

ಆದರೆ ಅವು ಕಡಿಮೆಯಾದರೆ ಮನುಷ್ಯನಿಗೆ ಒಳ್ಳೆಯದು ಎಂದಿರಲ್ಲ, ಅದನ್ನು ಒಪ್ಪಲಾರೆ. ಇಲ್ಲಿ ಅದು ನಿಜವಾಗಿಯೂ ನಡೆದುಹೋಗಿದೆ, ಏನಾಯಿತೆಂದು ಲೆಕ್ಕವೂ ಇದೆ. ಈ ಚಿಕ್ಕ ಬಾವಲಿಗಳು ಹಣ್ಣು ಮುಟ್ಟುವವಲ್ಲ, ಹುಳ ತಿನ್ನುವವು. ಹಾಲೂಡಿಸುವ ತಾಯಿ ಬಾವಲಿ ಒಂದೇ ರಾತ್ರಿಯಲ್ಲಿ ತನ್ನ ತೂಕದಷ್ಟು ಹುಳ ತಿನ್ನುವುದುಂಟು. ಬಾವಲಿಗಳಿಂದ ಅಮೆರಿಕದ ರೈತರಿಗೆ ವರ್ಷಕ್ಕೆ ಕನಿಷ್ಠ 370 ಕೋಟಿ ಡಾಲರ್ ಉಳಿಯುತ್ತದೆ ಎಂದು 2011ರಲ್ಲೇ ಲೆಕ್ಕ ಹಾಕಿದ್ದರು. 2024ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಎಯಾಲ್ ಫ್ರಾಂಕ್ ಇನ್ನೊಂದು ಲೆಕ್ಕ ಮುಂದಿಟ್ಟರು. ಬಿಳಿಮೂಗು ರೋಗದಿಂದ ಬಾವಲಿಗಳು ಸತ್ತ ಕೌಂಟಿಗಳನ್ನೂ ರೋಗ ಇನ್ನೂ ಮುಟ್ಟದ ಕೌಂಟಿಗಳನ್ನೂ ಹೋಲಿಸಿದರು. ಬಾವಲಿ ಹೋದ ಕಡೆ ರೈತರು ಕೀಟನಾಶಕವನ್ನು ನೂರಕ್ಕೆ ಮೂವತ್ತೊಂದರಷ್ಟು ಹೆಚ್ಚು ಸಿಂಪಡಿಸಿದ್ದರು. ಅದೇ ಕೌಂಟಿಗಳಲ್ಲಿ ಹಸುಗೂಸುಗಳ ಸಾವು ನೂರಕ್ಕೆ ಎಂಟರಷ್ಟು ಏರಿತ್ತು. ಅಪಘಾತದಂಥ ಕಾರಣಗಳನ್ನು ಬಿಟ್ಟು ಹಾಕಿದ ಲೆಕ್ಕ ಅದು.

ಅಮ್ಮ, ನೀವು ಮೊಮ್ಮಕ್ಕಳ ಮಾತೆತ್ತಿದಿರಿ ಎಂದೇ ಇದನ್ನು ಬರೆದೆ. ಯಾವುದೋ ಗುಹೆಯ ಕತ್ತಲೆಯಲ್ಲಿ ಒಂಬತ್ತು ಗ್ರಾಂ ಜೀವ ಸತ್ತದ್ದು ಜೋಳದ ಹೊಲದ ಮೇಲಿಂದ ಹಾದು ತೊಟ್ಟಿಲವರೆಗೆ ಬಂತು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಡಲತೀರ:

ಓದಿದೆ. ಎರಡು ಸಲ ಓದಿದೆ. ಇಷ್ಟು ದೂರದ ಸಂಬಂಧ ಇರುತ್ತದೆಂದು ಯಾರೂ ಹೇಳಿರಲಿಲ್ಲ. ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಚಿಕ್ಕ ಬಾವಲಿಗಳಿವೆ, ಓಡಿಸಲು ಮುಂದಿನ ವಾರ ಆಳಿಗೆ ಹೇಳಿದ್ದೆ. ಏನು ಮಾಡಲಿ?

ಖಾನಾಪುರದ ಮೇಷ್ಟ್ರು:

ಹೊಗೆ ಹಾಕಿಸಬೇಡಿ. ಮರಿಗಳಿದ್ದರೆ ತಾಯಂದಿರು ಹೊರಗೆ ಹೋಗಿ ಮರಿಗಳು ಒಳಗೆ ಉಸಿರುಕಟ್ಟಿ ಸಾಯುತ್ತವೆ, ಆ ವಾಸನೆ ತಿಂಗಳಾದರೂ ಹೋಗುವುದಿಲ್ಲ. ಯಾರೂ ಮಲಗದ ಅಟ್ಟವಾದರೆ ಹಾಗೆಯೇ ಬಿಡಿ. ಕೆಳಗೆ ಬೀಳುವ ಹಿಕ್ಕೆಗೆ ಹಲಗೆಯೋ ತಗಡೋ ಹಾಕಿಸಿ, ಗುಡಿಸುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೊದಲು ನೀರು ಚಿಮುಕಿಸಿ ಆಮೇಲೆ ಗುಡಿಸಲಿ. ಮಲಗುವ ಕೋಣೆಗೆ ಬರುತ್ತಿದ್ದರೆ, ಮರಿಗಳಿಲ್ಲವೆಂದು ಖಾತ್ರಿಯಾದ ಮೇಲೆ, ಸಂಜೆ ಎಲ್ಲವೂ ಹೊರಗೆ ಹಾರಿದಾಗ ಆ ಸಂದಿಗೆ ಜಾಲರಿ ಹೊಡೆಸಿ.

ಸಂಪಿಗೆಮರ:

ಎಲ್ಲರಿಗೂ ಕೃತಜ್ಞತೆ. ಮೂಲೆಯ ಚಪ್ಪಲಿಯ ಹೋಲಿಕೆಯನ್ನು ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಯಾರಾದರೂ ಗುಹೆಗೆ ಹೋಗಿ ಎಲ್ಲವನ್ನೂ ಒರೆಸಬಹುದಲ್ಲ ಎಂದಳು. ಆಲ್ಬನಿಯವರೇ, ಔಷಧಿ ಏನಾದರೂ ಬಂದಿದೆಯೇ? ನಿಮ್ಮ ಕೊಳದ ಬಾವಲಿಗಳು ಏನಾದವು? ಅವಳಿಗೆ ಇದನ್ನು ಹೇಳದೆ ಇರಲಾಗುವುದಿಲ್ಲ.

ಆಲ್ಬನಿಯ ಮಲೆನಾಡಿಗ:

ಒರೆಸುವ ಪ್ರಯತ್ನಗಳು ನಡೆದಿವೆ ಎಂದು ಅವಳಿಗೆ ಹೇಳಿ. ಈ ಶಿಲೀಂಧ್ರ ಕತ್ತಲೆಯಲ್ಲೇ ಬೆಳೆದು ಬಂದದ್ದರಿಂದ ನೇರಳಾತೀತ ಬೆಳಕಿನ ಏಟಿನಿಂದ ಚೇತರಿಸಿಕೊಳ್ಳುವುದನ್ನೇ ಕಳೆದುಕೊಂಡಿದೆ. ಕೆಲವೇ ಸೆಕೆಂಡು ಆ ಬೆಳಕು ಬಿದ್ದರೆ ಸಾಯುತ್ತದೆ. ಮ್ಯಾಡಿಸನ್‌ನ ರಾಷ್ಟ್ರೀಯ ವನ್ಯಜೀವಿ ಆರೋಗ್ಯ ಕೇಂದ್ರದವರು ಲಸಿಕೆಯನ್ನೂ ಪ್ರಯೋಗಿಸುತ್ತಿದ್ದಾರೆ. ಬಾವಲಿಗಳು ನಿದ್ದೆಗೆ ಹೋಗುವ ಮೊದಲು ಗುಹೆಯ ಬಾಯಲ್ಲಿ ದೀಪ ಹಚ್ಚಿ ಹುಳಗಳನ್ನು ಸೆಳೆದು, ಅವು ಇನ್ನೂ ಸ್ವಲ್ಪ ಕೊಬ್ಬು ಕಟ್ಟಿಕೊಳ್ಳುವಂತೆ ಮಾಡುವ ಯೋಜನೆಯೂ ಇದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಹಬ್ಬದ ಹಿಂದಿನ ದಿನ ಮಕ್ಕಳಿಗೆ ಹೊಟ್ಟೆತುಂಬ ಬಡಿಸಿ ಮಲಗಿಸಿದ ಹಾಗೆ. ಅದು ಬರಿಯ ಆಸೆಯ ಮಾತಲ್ಲ. ರೋಗದ ಅಲೆ ಹಾದುಹೋದ ಮೇಲೂ ಉಳಿದ ಪುಟ್ಟ ಕಂದು ಬಾವಲಿಗಳು ಮೊದಲಿನವಕ್ಕಿಂತ ಹೆಚ್ಚು ಕೊಬ್ಬು ಹೊತ್ತು ಮಲಗುತ್ತಿವೆ ಎಂದು ತೂಗಿ ನೋಡಿದ್ದಾರೆ. ಆದರೆ ಸಾವಿರಾರು ಗುಹೆ, ಗಣಿ, ಬಂಡೆಯ ಬಿರುಕು. ಎಲ್ಲವನ್ನೂ ಒರೆಸಲು ಯಾರಿಂದಲೂ ಆಗದು.

ನಮ್ಮ ಕೊಳ. ಆ ಮನೆ ಬಿಟ್ಟು ಹತ್ತು ವರ್ಷವಾಯಿತು, ಆದರೂ ಪ್ರತಿ ಜುಲೈನಲ್ಲಿ ಹೊಸ ಮನೆಯವರನ್ನು ಕೇಳಿಕೊಂಡು ಒಂದು ಸಂಜೆ ಅಪ್ಪ ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂರುತ್ತೇನೆ. 2010ರಲ್ಲಿ ಒಂದೂ ಬರಲಿಲ್ಲ. 2011ರಲ್ಲೂ ಇಲ್ಲ. 2014ರಲ್ಲಿ ಒಂದು, ಅದೂ ಪುಟ್ಟ ಕಂದು ಬಾವಲಿಯೋ ಬೇರೆಯೋ ತಿಳಿಯಲಿಲ್ಲ. ಈ ಬೇಸಿಗೆಯಲ್ಲಿ ಏಳು. ನೀರಿನ ಮೇಲೆ ಗೇಣೆತ್ತರದಲ್ಲಿ, ಅದೇ ಹಳೆಯ ಹಾರಾಟ. ವರ್ಷಕ್ಕೆ ಒಂದೇ ಮರಿ ಎಂದೆನಲ್ಲ. ಅದೂ ಒಂದನೇ ವರ್ಷದ ಚಳಿಗಾಲವನ್ನು ದಾಟಬೇಕು. ಏಳು ಅರವತ್ತಾಗುವುದನ್ನು ನೋಡಲು ನಾನಿರುವುದಿಲ್ಲ. ನಿಮ್ಮ ಮಗಳು ನೋಡಬಹುದು.

ಆಲ್ಬನಿ ಕಡೆ ಎಂದಾದರೂ ಬಂದರೆ ಜುಲೈನಲ್ಲಿ ಬನ್ನಿ. ಅವಳನ್ನು ಆ ಮೆಟ್ಟಿಲಿಗೆ ಕರೆದುಕೊಂಡು ಹೋಗುತ್ತೇನೆ.

ಸಂಪಿಗೆಮರ:

ಏಳು ಎಂದು ಮಗಳಿಗೆ ಹೇಳಿದೆ, ಚೀಟಿಯಲ್ಲಿ ಬರೆದುಕೊಂಡಳು. ಆ ಚೀಟಿ ಈಗ ಫ್ರಿಜ್ಜಿನ ಮೇಲಿದೆ, ಮುಂದಿನ ಜುಲೈಗೆ ಎಷ್ಟೆಂದು ಕೇಳಬೇಕಂತೆ.

ಶೂಗಳನ್ನು ನಿನ್ನೆ ದೊಡ್ಡ ಪಾತ್ರೆಯಲ್ಲಿ ಥರ್ಮಾಮೀಟರ್ ಇಟ್ಟು ಇಪ್ಪತ್ತು ನಿಮಿಷ ಮುಳುಗಿಸಿದೆವು. ನಾಲ್ಕು ಜೋಡಿ, ನಾಲ್ಕು ಸಲ ನೀರು ಕಾಯಿಸಬೇಕಾಯಿತು. ಅಡಿಯಿಂದ ಇಷ್ಟು ಕೆಸರು ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ, ಚಾಪೆಯ ಮೇಲೆ ನಡೆದ ಮೇಲೂ. ಕ್ಯಾಮೆರಾ ಚೀಲವನ್ನು ಮಗ ನೆಲದ ಮೇಲೆ ಇಟ್ಟಿದ್ದನಂತೆ, ಅದೂ ಶೂಗಳೊಂದಿಗೆ ಗ್ಯಾರೇಜಿನಲ್ಲೇ ಉಳಿಯುತ್ತದೆ. ಹುಬ್ಬಳ್ಳಿಯಲ್ಲಿ ಇಳಿದ ಕೂಡಲೇ ಹೊಸ ಜೋಡು ಕೊಳ್ಳುತ್ತೇವೆ.